ಪರಿಚಯದವರಿಂದ ಹೂಡಿಕೆ ಪಡೆಯುವಾಗ ಎರಡೂ ಕಡೆಯವರು ಗಮನಿಸಬೇಕಾದದ್ದೇನು?

ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಹೊಸ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಪರಿಚಯದವರೊಬ್ಬರು 20 ಲಕ್ಷ ರೂಪಾಯಿ ಹಾಕಲು ಮುಂದೆ ಬಂದಿದ್ದಾರೆ ಎಂದು ತಾವು ಬರೆದಿದ್ದೀರಿ.

‘ಕಂಪನಿಯ ಬೆಲೆ 80 ಲಕ್ಷ’ ಎಂದಷ್ಟೇ ಮಾತಾಗಿದ್ದರೆ ಸಾಲದು. ಅದು ಹೂಡಿಕೆಗೆ ಮುಂಚಿನ ಬೆಲೆಯಾದರೆ ಅವರ ಪಾಲು ಶೇ. 20, ಹೂಡಿಕೆಯೂ ಸೇರಿದ ಬೆಲೆಯಾದರೆ ಶೇ. 25, ಪರಿಚಯದವರ ನಡುವೆ ಇದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು.

2013ರ ಕಂಪನಿ ಕಾಯ್ದೆಯ 42ನೇ ಕಲಮಿನಂತೆ, ಹೀಗೆ ಖಾಸಗಿಯಾಗಿ ಷೇರು ನೀಡಲು ಪಡೆದ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು 60 ದಿನಗಳೊಳಗೆ ಷೇರು ಹಂಚಬೇಕು. ಹಂಚಿಕೆಯ ವಿವರವನ್ನು ಕಂಪನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸುವ ತನಕ ಆ ಹಣವನ್ನು ಮುಟ್ಟುವಂತಿಲ್ಲ. ಷೇರನ್ನು ನ್ಯಾಯಬೆಲೆಗಿಂತ ಹೆಚ್ಚಿಗೆ ನೀಡಿದಾಗ ಆ ಹೆಚ್ಚುವರಿ ಹಣದ ಮೇಲೆ ಕಂಪನಿಗೆ ಬೀಳುತ್ತಿದ್ದ ‘ಏಂಜೆಲ್ ತೆರಿಗೆ’ಯನ್ನು 2024ರ ಬಜೆಟ್ ಕೈಬಿಟ್ಟಿರುವುದರಿಂದ ಆ ಚಿಂತೆ ಈಗ ಬೇಡ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅಪಾಯವಿರುವುದು ಕಾಗದಪತ್ರದಲ್ಲಲ್ಲ, ಹಂಗಾಮಿನಲ್ಲಿ. ಕೊಯ್ದ ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲವಾದ್ದರಿಂದ, ಸುಗ್ಗಿಯ ನಡುವೆ ಯಂತ್ರದ ಬ್ಲೇಡು ಮುರಿದರೆ ಬೆಳೆಗಾರರು ಮತ್ತೆ ಸುಲಿಯುವ ಆಳುಗಳನ್ನೇ ಹುಡುಕುತ್ತಾರೆ, ಮುಂದಿನ ವರ್ಷ ಈ ಕಡೆ ತಿರುಗಿಯೂ ನೋಡುವುದಿಲ್ಲ. ಮಳೆಗಾಲದಲ್ಲಿ ಮಾರಾಟ ತೀರಾ ಇಳಿದರೂ ಸಂಬಳ, ಬಾಡಿಗೆಗಳು ನಿಲ್ಲುವುದಿಲ್ಲ; ಆದ್ದರಿಂದ 20 ಲಕ್ಷ ಕನಿಷ್ಠ ಒಂದು ಪೂರ್ಣ ಸುಗ್ಗಿಯನ್ನು ದಾಟಿಸುತ್ತದೆಯೇ ಎಂಬ ತಿಂಗಳುವಾರು ಲೆಕ್ಕವನ್ನು ಸಹಿಗೆ ಮುಂಚೆಯೇ ಹೂಡಿಕೆದಾರರು ಕೇಳಬೇಕು, ತಾವೂ ಕೊಡಬೇಕು. ಜೊತೆಗೆ, ಕಳೆದ ಸುಗ್ಗಿಯಲ್ಲಿ ಯಂತ್ರ ಬಳಸಿದ ಒಂದೆರಡು ತೋಟಗಳಿಗೆ ಅವರನ್ನು ಕರೆದೊಯ್ದು, ತಮ್ಮ ಅನುಪಸ್ಥಿತಿಯಲ್ಲಿ ಬೆಳೆಗಾರರೊಡನೆ ಮಾತನಾಡಲು ಬಿಡಿ.