ಕ್ಯಾಬಿನೆಟ್ ಜೊತೆ ಬಂದ 500 ವಾಟ್ ಎಸ್‌ಎಂಪಿಎಸ್ ಸಾಕಾ?

ಪ್ರಶ್ನೆ: ಮೊದಲ ಸಲ ನಾನೇ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ರೈಜನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್, ಒಂದು ಎಸ್‌ಎಸ್‌ಡಿ ತಂದಿಟ್ಟಿದ್ದೇನೆ. ಕ್ಯಾಬಿನೆಟ್ ಜೊತೆಗೇ 500 ವಾಟ್‌ನ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಮಾಡಿಕೊಡುವ ಡಬ್ಬ) ಬಂದಿದೆ. ಅದರ ಲೇಬಲ್‌ನಲ್ಲಿ 12 ವೋಲ್ಟ್ ಎದುರು 18 ಆಂಪ್ ಎಂದಿದೆ. ಗೆಳೆಯನೊಬ್ಬ ‘ಸುಮ್ನೆ 1000 ವಾಟ್‌ದು ತಗೋ’ ಅಂತಾನೆ. ಏನು ಮಾಡಲಿ?

ಉತ್ತರ: ಲೇಬಲ್ ಓದಿ ಬರೆದಿದ್ದೀರಿ, ಅದೇ ಒಳ್ಳೆಯದಾಯಿತು. ಅರ್ಧ ಉತ್ತರ ಅಲ್ಲೇ ಇದೆ.

12ನ್ನು 18ರಿಂದ ಗುಣಿಸಿ. 216 ವಾಟ್. ಡಬ್ಬದ ಮೇಲೆ ದೊಡ್ಡದಾಗಿ 500 ಎಂದಿದ್ದರೂ ನಿಮ್ಮ ಕೆಲಸಕ್ಕೆ ಬರುವುದು ಇಷ್ಟೇ. ಉಳಿದದ್ದು 3.3 ಮತ್ತು 5 ವೋಲ್ಟ್ ಲೈನ್‌ಗಳ ಲೆಕ್ಕ. ಹಿಂದೆ ಪ್ರೊಸೆಸರ್‌ಗೂ 5 ವೋಲ್ಟ್ ಲೈನಿನಿಂದಲೇ ಕರೆಂಟ್ ಹೋಗುತ್ತಿತ್ತು. ಪೆಂಟಿಯಮ್ 4 ಕಾಲದಿಂದ ಅದು 12 ವೋಲ್ಟ್‌ಗೆ ಬದಲಾಯಿತು. ಈಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಮ್ಮಿ ಅದನ್ನೇ ನಂಬಿಕೊಂಡಿವೆ.

ನಿಮ್ಮ ಕಂಪ್ಯೂಟರಿಗೆ ಎಷ್ಟು ಬೇಕು? 7600ರ ಡಬ್ಬದ ಮೇಲೆ 65 ವಾಟ್ ಎಂದಿರುತ್ತದೆ, ಆದರೆ ಪೂರ್ತಿ ದುಡಿಸಿದಾಗ 88 ವಾಟ್‌ವರೆಗೂ ಎಳೆಯುತ್ತದೆ. 4070ಕ್ಕೆ 200. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಕ್ಕೂ ಸೇರಿಸಿ 60 ಇಟ್ಟುಕೊಳ್ಳಿ. ಒಟ್ಟು 350ರ ಆಸುಪಾಸು. 216 ವಾಟ್ ಕೊಡುವ ಡಬ್ಬ ಎಲ್ಲಿ ಸಾಲುತ್ತೆ? ಗೇಮ್ ಶುರುವಾಗುತ್ತಿದ್ದಂತೆ ಕಂಪ್ಯೂಟರ್ ಆಫ್ ಆದರೆ ಅದು ನಿಮ್ಮ ಪುಣ್ಯ. ಆಫ್ ಆಗದೆ ಸುಟ್ಟುಕೊಂಡರೆ ಕಷ್ಟ. ಅದನ್ನು ಪಕ್ಕಕ್ಕಿಡಿ.

ಹಾಗಂತ 350 ವಾಟ್‌ದು ಹುಡುಕಬೇಡಿ. ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ತಮ್ಮ ಮಿತಿ ದಾಟಿ ಜಿಗಿಯುತ್ತವೆ. ನಮಗೆ ಗೊತ್ತೇ ಆಗಲ್ಲ, ಎಸ್‌ಎಂಪಿಎಸ್‌ಗೆ ಗೊತ್ತಾಗುತ್ತೆ. ಇಂಥ ಜಿಗಿತ ತಡೆದುಕೊಳ್ಳಬೇಕು ಎಂಬ ನಿಯಮ 2022ರ ಎಟಿಎಕ್ಸ್ 3.0 ಎಂಬ ಎಸ್‌ಎಂಪಿಎಸ್ ಮಾನದಂಡದಲ್ಲಿ ಬಂತು. ಈ ಕಾರ್ಡಿಗೆ ಎನ್‌ವಿಡಿಯಾ ಹೇಳುವುದು 650 ವಾಟ್. ಒಳ್ಳೆಯ 550 ಕೂಡ ನಡೆಯುತ್ತದೆ, ಆದರೂ ನಾನು 650ಕ್ಕೇ ಹೋಗುತ್ತೇನೆ. ಅದರ ಲೇಬಲ್‌ನಲ್ಲಿ 12 ವೋಲ್ಟ್ ಎದುರು 54 ಆಂಪ್ ಇದ್ದರೆ 648 ವಾಟ್ ಆಯಿತು. ಅಂದರೆ ಹೇಳಿದ್ದನ್ನು ಬಹುಪಾಲು ಅದೇ ಲೈನಿನಲ್ಲಿ ಕೊಡುತ್ತದೆ.

ಇನ್ನು ನಿಮ್ಮ ಗೆಳೆಯನ ಮಾತು. 1000 ವಾಟ್‌ದು ಹಾಕಿದರೆ ಕರೆಂಟ್ ಬಿಲ್ ಏರುತ್ತೆ ಅಂತ ಕೆಲವರು ಹೆದರಿಸುತ್ತಾರೆ, ಹಾಗೇನಿಲ್ಲ. ಕಂಪ್ಯೂಟರ್ ಕೇಳಿದಷ್ಟೇ ಅದು ಕೊಡುತ್ತದೆ. ಆದರೆ ಸುಮ್ಮನಿರುವಾಗ ನಿಮ್ಮದು 60 ವಾಟ್ ತಿಂದರೆ, ಅದು 1000ದಲ್ಲಿ ಬರೀ 6 ಶೇಕಡಾ. ಅಷ್ಟು ಕಡಿಮೆ ಲೋಡ್‌ನಲ್ಲಿ ಯಾವ ಎಸ್‌ಎಂಪಿಎಸ್ಸೂ ಹುರುಪಿನಿಂದ ಓಡಲ್ಲ. ಮುಂದೆ ಭಾರಿ ಕಾರ್ಡ್ ಹಾಕುವ ಯೋಚನೆ ಇಲ್ಲದಿದ್ದರೆ ಆ ದುಡ್ಡನ್ನು ರ‍್ಯಾಮ್‌ಗೆ ಹಾಕಿ.

ಎಸ್‌ಎಂಪಿಎಸ್ ಮೇಲೆ ಕಾಣುವ 80 ಪ್ಲಸ್ ಗೋಲ್ಡ್ ಗುರುತು ಎಂದರೆ ಅರ್ಧ ಲೋಡ್‌ನಲ್ಲಿ ಕನಿಷ್ಠ 90 ಶೇಕಡಾ ದಕ್ಷತೆ. ನಿಮ್ಮ 350 ವಾಟ್‌ಗೆ ಗೋಡೆಯಿಂದ ಸುಮಾರು 390 ಎಳೆಯುತ್ತದೆ, ಉಳಿದ 40 ಬಿಸಿಯಾಗಿ ಹೋಗುತ್ತದೆ. ಚಿನ್ನದ ಬಣ್ಣದ ಆ ಸ್ಟಿಕ್ಕರ್ ಹೇಳುವುದು ಇಷ್ಟನ್ನೇ. ಶಾರ್ಟ್ ಆದಾಗ ಕಾಪಾಡುತ್ತಾ, ಒಳಗಿನ ಕೆಪಾಸಿಟರ್ ಬಾಳಿಕೆ ಬರುತ್ತಾ ಎಂಬುದು ಅದರಲ್ಲಿಲ್ಲ. ನಾನು ಮೊದಲು ನೋಡುವುದು ವಾರಂಟಿಯನ್ನು. 7 ಅಥವಾ 10 ವರ್ಷ ಕೊಡುವವರು ತಮ್ಮ ಮಾಲಿನ ಮೇಲೆ ಸ್ವಲ್ಪವಾದರೂ ನಂಬಿಕೆ ಇಟ್ಟಿರುತ್ತಾರೆ, ಅಲ್ವಾ?

ನಿಮ್ಮ 4070 ಯಾವ ಕಂಪನಿಯದೆಂದು ಬರೆದಿಲ್ಲ. ಕೆಲವಕ್ಕೆ ಒಂದೇ 8 ಪಿನ್ ಕನೆಕ್ಟರ್ ಇರುತ್ತದೆ. ಅದು ಸಾಕು: ಕೇಬಲ್‌ನಿಂದ 150 ವಾಟ್, ಮದರ್‌ಬೋರ್ಡ್‌ನ ಸ್ಲಾಟ್‌ನಿಂದ 75. ಕೆಲವಕ್ಕೆ 16 ಪಿನ್ನಿನ ಹೊಸ ಕನೆಕ್ಟರ್ ಇದೆ. ಅದನ್ನು ಕೊನೆಯವರೆಗೂ ಒತ್ತಿ ಕೂರಿಸಿ. 4090 ಕಾರ್ಡ್‌ಗಳಲ್ಲಿ ಅರೆಬರೆ ಕೂತ ಕನೆಕ್ಟರ್ ಕರಗಿದ್ದುಂಟು. ಪ್ರೊಸೆಸರ್‌ನ 8 ಪಿನ್ ಕೂಡ ನೋಡಲು ಕಾರ್ಡಿನ 8 ಪಿನ್ ಹಾಗೇ ಇರುತ್ತದೆ, ಆದರೆ ತಂತಿಗಳ ಕ್ರಮ ಬೇರೆ. ಅದನ್ನು ಕಾರ್ಡಿಗೆ ತುರುಕಬೇಡಿ.

ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದ ಎಸ್‌ಎಂಪಿಎಸ್ ತಗೊಂಡರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಹಾಕಿ. ನಾನು ಒಮ್ಮೆ ಸೋಮಾರಿತನ ಮಾಡಿ, ಹಳೆಯದರ ಸಾಟಾ ಕೇಬಲ್ಲನ್ನೇ (ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವುದು) ಹೊಸದಕ್ಕೆ ಸಿಕ್ಕಿಸಿದ್ದೆ. ಸರಿಯಾಗಿಯೇ ಕೂತಿತು, ಆದರೆ ತಂತಿಗಳ ಕ್ರಮ ಬೇರೆ ಇತ್ತು. ಸ್ವಿಚ್ ಹಾಕಿದ ಕ್ಷಣ ಸಣ್ಣದೊಂದು ಚಟ್ ಶಬ್ದ, ಸುಟ್ಟ ವಾಸನೆ, ಹಾರ್ಡ್ ಡಿಸ್ಕ್ ಸತ್ತಿತ್ತು. ಈಗ ಉಳಿದ ಕೇಬಲ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಯಾವುದರದ್ದು ಅಂತ ಚೀಟಿ ಅಂಟಿಸಿಡುತ್ತೇನೆ.