ನಡೆದೇ ಹೊರಡಬೇಕಾದರೆ ಚೀಲದಲ್ಲಿ ಏನಿರಬೇಕು?

ಪ್ರಶ್ನೆ: ನಮ್ಮ ಮನೆ ಮಡಿಕೇರಿ ಹತ್ತಿರ ಗುಡ್ಡದ ಇಳಿಜಾರಿನಲ್ಲಿದೆ. ರಸ್ತೆ ಕುಸಿದರೆ ನಡೆದೇ ಹೊರಡಬೇಕು. ಜತೆಗೆ ಬಿ.ಪಿ. ಇರುವ ಅತ್ತೆಯವರಿದ್ದಾರೆ. ಚೀಲದಲ್ಲಿ ಏನೇನು ತುಂಬಿಡಲಿ?
– ಓದುಗರೊಬ್ಬರು, ಕೊಡಗು

ಉತ್ತರ: 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿದಾಗ ನಾನೂ ಕಾಫಿ ತೋಟದೊಳಗಿಂದ ನಡೆದೇ ಹೊರಬಂದವಳು. ಕೈಯಲ್ಲಿ ಸೂಟ್‌ಕೇಸ್ ಇತ್ತು. ಅರ್ಧ ಗಂಟೆಯಲ್ಲಿ ಅದನ್ನು ದಾರಿಯಲ್ಲೇ ಬಿಟ್ಟೆ. ಹಾಗಾಗಿ ಬೆನ್ನಿಗೆ ಹಾಕುವ ಬ್ಯಾಗೇ ಇರಲಿ. ಕೆಸರಿನಲ್ಲಿ ಅತ್ತೆಯವರ ಕೈ ಹಿಡಿಯಬೇಕಲ್ಲ! ಛತ್ರಿಯೂ ಬೇಡ, ರೈನ್‌ಕೋಟ್ ಸಾಕು.

ಅವರ ಮಾತ್ರೆ ಒಂದು ವಾರಕ್ಕಾಗುವಷ್ಟು, ಡಾಕ್ಟರ ಚೀಟಿಯ ಸಮೇತ, ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿಡಿ. ಆಧಾರ್, ಪಡಿತರ ಚೀಟಿ, ಪಹಣಿಯ ನಕಲುಗಳೂ ಅದರಲ್ಲೇ. ತಲೆಗೊಂದು ಲೀಟರ್ ನೀರು. ಅವಲಕ್ಕಿ, ಬೆಲ್ಲ, ಹುರಿಗಡಲೆ ಇದ್ದರೆ ಒಲೆಯ ಹಂಗಿಲ್ಲ. ಟಾರ್ಚ್, ಪವರ್‌ಬ್ಯಾಂಕ್, ಜಿಗಣೆಗೆ ಒಂದು ಪೊಟ್ಟಣ ಉಪ್ಪು. ಸೀಟಿಯನ್ನಂತೂ ಮರೆಯಬೇಡಿ. ಆ ಮಳೆಯ ಸದ್ದಿನಲ್ಲಿ ಹತ್ತು ಮಾರು ಹಿಂದಿದ್ದ ನನ್ನ ತಂಗಿಯ ಕೂಗು ನನಗೆ ಕೇಳಿಸಲೇ ಇಲ್ಲ.

112, ಜಿಲ್ಲಾ ಸಹಾಯವಾಣಿ 1077, ನೆಂಟರ ನಂಬರುಗಳನ್ನು ಕಾಗದದಲ್ಲಿ ಬರೆದಿಡಿ. ಅಂಗಳದಲ್ಲಿ ಹೊಸ ಬಿರುಕು ಕಂಡರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕತ್ತಲಾಗುವವರೆಗೆ ಕಾಯಬೇಡಿ. ಚೀಲ ಏರಿಸಿ ಹೊರಡಿ.