ಹಾಸಿಗೆ ಹಿಡಿದ ತಾಯಿ ಮತ್ತು ಚರ್ಚಿನ ನೆರವು

ಹಾಸನದಿಂದ ಮುಂಬೈಯ ಮಲಾಡಿಗೆ ಬಂದ ಹೊಸತರಲ್ಲೇ ಹಾಸಿಗೆ ಹಿಡಿದ, ಕನ್ನಡವಲ್ಲದೆ ಬೇರೆ ಭಾಷೆ ಬಾರದ ನಿಮ್ಮ ತಾಯಿಯವರಿಗೆ ಕಥೋಲಿಕ ಚರ್ಚಿನಿಂದ ಏನು ನೆರವು ಸಿಗಬಹುದು, ಕೇಳಿದರೆ ಬೇಡಿದಂತಾಗುವುದಿಲ್ಲವೇ ಎಂದು ವಿಚಾರಿಸಿದ್ದೀರಿ. ಖಂಡಿತ ಆಗುವುದಿಲ್ಲ. ನೀವು ವಾಸಿಸುವ ಪ್ರದೇಶ ಯಾವ ಧರ್ಮಕೇಂದ್ರದ, ಅಂದರೆ ಸ್ಥಳೀಯ ಚರ್ಚಿನ, ಗಡಿಯೊಳಗಿದೆಯೋ ಅಲ್ಲಿಗೆ ನೀವು ಸೇರಿದವರೇ. ಆದರೆ ಭಾನುವಾರದ ಪೂಜೆಯಲ್ಲಿ ಪಕ್ಕದಲ್ಲಿ ಕುಳಿತವರೂ ಅಪರಿಚಿತರಾಗಿರುವ ಮುಂಬೈಯಲ್ಲಿ, ಚರ್ಚಿನ ಕಚೇರಿಗೆ ಹೋಗಿ ಹೆಸರು ಬರೆಸದಿದ್ದರೆ ಮನೆಯಲ್ಲಿ ರೋಗಿಯಿರುವುದು ಯಾರಿಗೂ ತಿಳಿಯದು.

ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನು ಗುರುಗಳಲ್ಲದ, ಅಧಿಕಾರ ಪಡೆದ ಶ್ರೀಸಾಮಾನ್ಯರೂ ಮನೆಗೆ ತಂದುಕೊಡಬಹುದು. ರೋಗಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರವಾದ ರೋಗಿಗಳ ಅಭ್ಯಂಗವನ್ನು ಮಾತ್ರ ಗುರುಗಳೇ (ಪಾದ್ರಿಗಳೇ) ನೀಡಬೇಕು. ಅದು ಕೊನೆಯುಸಿರಿನ ಸಂಸ್ಕಾರವೆಂದು ನಮ್ಮವರು ಹೆದರಿ ತಡಮಾಡುತ್ತಾರೆ, ಆದರೆ ಕಾಯಿಲೆ ಗಂಭೀರವಾದಾಗಲೇ ಕೇಳಬಹುದು, ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು.

ಔಷಧಿ, ದಿನಸಿಯ ಕಷ್ಟವಿದ್ದರೆ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯ ಘಟಕ ನಿಮ್ಮ ಚರ್ಚಿನಲ್ಲಿದೆಯೇ ಎಂದು ವಿಚಾರಿಸಿ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಾಂ ಮತ್ತು ಸಂಗಡಿಗರು ಆರಂಭಿಸಿದ ಈ ಸಭೆಯ ಸದಸ್ಯರು ಬಡವರನ್ನು ಕಚೇರಿಗೆ ಕರೆಸುವ ಬದಲು ತಾವೇ ಮನೆಗೆ ಹೋಗಿ ಕಾಣುತ್ತಾರೆ. ನನಗಂತೂ ಅವರ ಹಣಕ್ಕಿಂತ ಆ ಭೇಟಿಯೇ ದೊಡ್ಡದೆನಿಸುತ್ತದೆ.

ಇನ್ನು ಭಾಷೆ. ಮಂಗಳೂರು ಕಡೆಯ ಗುರುಗಳಲ್ಲಿ, ಕನ್ಯಾಸ್ತ್ರೀಯರಲ್ಲಿ ಕನ್ನಡ ಬಲ್ಲವರು ಸಿಗುತ್ತಾರೆ. ಕಚೇರಿಯಲ್ಲಿ ಅದನ್ನೇ ಸ್ಪಷ್ಟವಾಗಿ ಕೇಳಿ. ಯಾರೂ ಸಿಗದಿದ್ದರೆ ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಳ್ಳುವ ಪಾಪನಿವೇದನೆಗೆ ದುಭಾಷಿಯ ನೆರವು ಪಡೆಯಲು ಚರ್ಚಿನ ಕಾನೂನು ಅವಕಾಶ ಕೊಡುತ್ತದೆ, ಆ ದುಭಾಷಿಯೂ ಗುಟ್ಟು ಕಾಯಲು ಬದ್ಧನಾಗಿರುತ್ತಾನೆ.